ಪುಸ್ತಕವಿಲ್ಲದ ವಿಶ್ವವಿದ್ಯಾನಿಲಯದ ಇಂಗ್ಲಿಷ್ ಮೇಷ್ಟರು

೧೯೩೭ನೆಯ ಇಸವಿಯ ನವೆಂಬರ್ ತಿಂಗಳು. ಚೀನದ ಹೂನಾನ್ ಪ್ರಾಂತದಲ್ಲಿ ಹೆಂಗ್‌ಷಾನ್ ಎಂಬ ಪರ್ವತವಿದೆ. ಚೀನೀಯರು ತಲೆತಲಾಂತರದಿಂದ ಪವಿತ್ರವೆಂದು ಭಾವಿಸುತ್ತ ಬಂದಿರುವ ಐದು ಪರ್ವತಗಳಲ್ಲಿ ದಕ್ಷಿಣ ದಿಕ್ಕಿನದು ಇದು. ಆದುದರಿಂದಲೇ ‘ನಾನ್‌ಯುವೆ’, ಎಂದರೆ ದಕ್ಷಿಣದ ಗಿರಿ, ಎಂದು ಇದನ್ನು ಕರೆಯುವ ರೂಢಿ. ಬೌದ್ಧ ವಿಹಾರಗಳೂ ತಾವೋ ಮತದ ದೇಗುಲಗಳೂ ನೆಲಸಿರುವ ಆ ಬೆಟ್ಟದ ಇಳಿಜಾರಿನಲ್ಲಿ, ಬೈಬಲ್ ಬೋಧನೆಗಾಗಿ ಕ್ರೈಸ್ತ ಪಾದ್ರಿಗಳು ಕಟ್ಟಿಸಿದ್ದ ಶಾಲೆಯೊಂದಿತ್ತು. ಆ ಚಳಿಗಾಲದಲ್ಲಿ ಅಲ್ಲಿ ಬೈಬಲಿನ ಪಾಠ ನಡೆಯಲಿಲ್ಲ. ಬದಲು ಉತ್ತರದಿಂದ ಓಡಿಬಂದ ತರುಣ ತರುಣಿಯರು ಗುಂಪುಗೂಡಿ ಕುಳಿತು, ತಮ್ಮ ಮುಂದೆ ನಿಂತ ಆಂಗ್ಲ ಅಧ್ಯಾಪಕನ ಬಾಯಿಂದ ಷೇಕ್ಸ್‌ಪಿಯರನ ‘ಒಥೆಲೊ’ ನಾಟಕವನ್ನು ಕೇಳುತ್ತಿದ್ದರು. ಅಧ್ಯಾಪಕನ ಕೈಯಲ್ಲಿ ಪುಸ್ತಕವಿರಲಿಲ್ಲ. ವಿದ್ಯಾರ್ಥಿಗಳ ಕೈಯಲ್ಲಿಯೂ ಇರಲಿಲ್ಲ.

ಆ ಅಧ್ಯಾಪಕರ ಹೆಸರು ವಿಲಿಯಂ ಎಂಪ್ಸನ್. ವಯಸ್ಸು ಮೂವತ್ತೊಂದು. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದವರಿಗೆ ಈ ಹೆಸರು ಅಪರಿಚಿತವಲ್ಲ. ಕವಿತೆಯ ಒಂದು ಶಬ್ದದಿಂದ ಏಕಕಾಲದಲ್ಲಿ ಹಲವು ಅರ್ಥಗಳು ಹೇಗೆ ಹೊಮ್ಮುತ್ತವೆ, ಅವು ಒಂದಕ್ಕೊಂದು ಹೇಗೆ ಪೋಷಕವಾಗುತ್ತವೆ, ಹೇಗೆ ಹೊಡೆದಾಡುತ್ತವೆ ಎಂಬುದನ್ನು ಬಿಡಿಸಿ ತೋರಿಸಿದ ‘ಸೆವೆನ್ ಟೈಪ್ಸ್ ಆಫ್ ಆಂಬಿಗ್ಯುಯಿಟಿ’ ಎಂಬ ಗ್ರಂಥವನ್ನು ಬರೆದವರು ಇವರೇ. ಶ್ಲೇಷೆ, ಧ್ವನಿ ಎಂಬ ಮಾತುಗಳನ್ನು ಕೇಳಿ ಬೆಳೆದ ನಮಗೆ ಇದರ ಮೂಲ ವಿಚಾರ ತೀರ ಹೊಸದೆನಿಸದಿದ್ದರೂ, ಇಂಗ್ಲಿಷ್ ವಿಮರ್ಶೆಯ ದಾರಿಯನ್ನೇ ಅದು ತಿರುಗಿಸಿತು. ೧೯೩೦ರಲ್ಲಿ ಅದು ಅಚ್ಚಾದಾಗ ಗ್ರಂಥಕರ್ತನಿಗೆ ಇಪ್ಪತ್ತನಾಲ್ಕು ವರ್ಷ.

ಇಂತಹ ಬುದ್ಧಿಶಾಲಿ ಕೇಂಬ್ರಿಡ್ಜಿನಲ್ಲಿ ಗೌರವದಿಂದ ಕುಳಿತು ಪಾಠ ಹೇಳುವುದನ್ನು ಬಿಟ್ಟು ಚೀನದ ಬೆಟ್ಟಕ್ಕೇಕೆ ಬಂದರು? ಅದಕ್ಕೊಂದು ಹಿನ್ನೆಲೆಯುಂಟು. ಯಾರ್ಕ್‌ಷೈರಿನ ಜಮೀನ್ದಾರಿ ಮನೆತನದಲ್ಲಿ ೧೯೦೬ರಲ್ಲಿ ಹುಟ್ಟಿದ ಎಂಪ್ಸನ್ನರು ಕೇಂಬ್ರಿಡ್ಜಿನ ಮ್ಯಾಗ್ಡಲೀನ್ ಕಾಲೇಜಿನಲ್ಲಿ ಮೊದಲು ಗಣಿತ ಓದಿದರು, ಅನಂತರ ಐ. ಎ. ರಿಚರ್ಡ್ಸರ ಶಿಷ್ಯರಾಗಿ ಸಾಹಿತ್ಯಕ್ಕೆ ತಿರುಗಿದರು. ೧೯೨೯ರಲ್ಲಿ ಕಾಲೇಜು ಅವರಿಗೆ ಫೆಲೋಷಿಪ್ ಕೊಟ್ಟಿತು. ಆದರೆ ಸ್ವಲ್ಪ ಕಾಲದಲ್ಲಿಯೇ ಅವರ ಕೋಣೆಯಲ್ಲಿ ಗರ್ಭನಿರೋಧಕ ಸಾಧನಗಳು ಆಳುಗಳ ಕಣ್ಣಿಗೆ ಬಿದ್ದವು. ಮಾತು ಮೇಲಿನವರ ಕಿವಿ ಮುಟ್ಟಿತು. ಫೆಲೋಷಿಪ್ ಹೋಯಿತು, ಹೆಸರನ್ನು ಕಾಲೇಜಿನ ದಾಖಲೆಯಿಂದಲೇ ಹೊಡೆದುಹಾಕಿದರು. ಅದೇ ಕಾಲೇಜು ಸರಿಯಾಗಿ ಐವತ್ತು ವರ್ಷಗಳ ಮೇಲೆ, ೧೯೭೯ರಲ್ಲಿ, ಅವರನ್ನು ಗೌರವ ಫೆಲೋ ಎಂದು ಆರಿಸಿಕೊಂಡಿತೆಂಬುದು ಬೇರೆ ಮಾತು. ಆ ಹೊತ್ತಿಗೆ ಊರಿನಲ್ಲಿ ಕೆಲಸದ ಬಾಗಿಲು ಮುಚ್ಚಿತ್ತು. ೧೯೩೧ರಿಂದ ಮೂರು ವರ್ಷ ಅವರು ಟೋಕಿಯೋದಲ್ಲಿ ಇಂಗ್ಲಿಷ್ ಕಲಿಸಿದರು. ಲಂಡನ್ನಿಗೆ ಹಿಂದಿರುಗಿ ಕೆಲಕಾಲ ಲೇಖನಿಯನ್ನು ನಂಬಿ ಬದುಕಿದರು. ೧೯೩೭ರಲ್ಲಿ ಪೀಕಿಂಗ್ ವಿಶ್ವವಿದ್ಯಾನಿಲಯದಿಂದ ಕರೆ ಬಂದಾಗ ಒಪ್ಪಿ ಹೊರಟರು.

ಹೊರಟ ಗಳಿಗೆ ಮಾತ್ರ ಎಂಥದು! ಆ ವರ್ಷ ಜುಲೈ ೭ರಂದು ಪೀಕಿಂಗ್ ನಗರದ ಹತ್ತಿರದ ಮಾರ್ಕೊ ಪೋಲೊ ಸೇತುವೆಯ ಬಳಿ ಜಪಾನೀ ಸೈನ್ಯಕ್ಕೂ ಚೀನೀ ಸೈನ್ಯಕ್ಕೂ ಗುಂಡಿನ ಕಾಳಗ ಹತ್ತಿತು. ತಿಂಗಳು ಕಳೆಯುವುದರೊಳಗೆ ಪೀಕಿಂಗ್ ಜಪಾನೀಯರ ವಶವಾಯಿತು. ಪಕ್ಕದ ತಿಯಾನ್‌ಜಿನ್ ನಗರದಲ್ಲಿ ನಾನ್‌ಕಾಯ್ ವಿಶ್ವವಿದ್ಯಾನಿಲಯದ ಮೇಲೆ ಜಪಾನೀ ಬಾಂಬುಗಳು ಬಿದ್ದವು. ಅದರ ಪುಸ್ತಕ ಭಂಡಾರವೂ ಉಳಿಯಲಿಲ್ಲ. ವಿದ್ಯಾಲಯವೂ ಯುದ್ಧದ ಗುರಿಯೆಂಬುದು ಅಂದು ಚೀನೀಯರಿಗೆ ಸ್ಪಷ್ಟವಾಯಿತು. ಇತ್ತ ಎಂಪ್ಸನ್ನರು ಚೀನವನ್ನು ತಲಪುವ ವೇಳೆಗೆ, ತಮಗೆ ಉದ್ಯೋಗ ಕೊಟ್ಟಿದ್ದ ವಿಶ್ವವಿದ್ಯಾನಿಲಯವೇ ಅದರ ಸ್ಥಳದಲ್ಲಿ ಇರಲಿಲ್ಲ. ಪೀಕಿಂಗ್, ಚಿಂಗ್‌ಹುವಾ, ನಾನ್‌ಕಾಯ್ ಎಂಬ ಮೂರು ಹೆಸರಾಂತ ವಿಶ್ವವಿದ್ಯಾನಿಲಯಗಳು ಒಂದಾಗಿ, ದಕ್ಷಿಣದ ಚಾಂಗ್‌ಷಾ ಪಟ್ಟಣದಲ್ಲಿ ತಾತ್ಕಾಲಿಕ ವಿಶ್ವವಿದ್ಯಾನಿಲಯವೆಂಬ ಹೆಸರಿನಿಂದ ನವೆಂಬರ್ ೧ರಂದು ಬಾಗಿಲು ತೆರೆದುವು. ಅಲ್ಲಿಯೂ ಎಲ್ಲರಿಗೂ ಎಡೆಯಿರಲಿಲ್ಲ. ಸಾಹಿತ್ಯ ಮತ್ತು ತತ್ತ್ವಶಾಸ್ತ್ರದವರನ್ನು ನಾನ್‌ಯುವೆ ಬೆಟ್ಟಕ್ಕೆ ಕಳುಹಿಸಿದರು. ಎಂಪ್ಸನ್ನರೂ ಅಲ್ಲಿಗೆ ನಡೆದರು.

ಬೆಟ್ಟದ ಮೇಲಿನ ಬಿಡಾರ

ಅಂದು ಆ ಬೆಟ್ಟದ ಮೇಲೆ ನೆರೆದಿದ್ದ ಅಧ್ಯಾಪಕರ ಹೆಸರುಗಳನ್ನು ಕೇಳಿದರೆ ಇಂದಿಗೂ ಚೀನೀ ವಿದ್ವಾಂಸರು ಕೈಮುಗಿಯುತ್ತಾರೆ. ಚೀನೀ ತತ್ತ್ವಶಾಸ್ತ್ರದ ಇತಿಹಾಸ ಬರೆದ ಫೆಂಗ್ ಯೂಲಾನ್, ಕವಿ ಹಾಗೂ ಪ್ರಾಚೀನ ಕಾವ್ಯಗಳ ಪಂಡಿತ ವೆನ್ ಯಿದುವೊ, ತರ್ಕಶಾಸ್ತ್ರಜ್ಞ ಜಿನ್ ಯುವೆಲಿನ್, ಮತ್ತೆ ನಮಗೆ ವಿಶೇಷವಾಗಿ ಆಪ್ತರೆನಿಸಬೇಕಾದ ತಾಂಗ್ ಯುಂಗ್‌ತುಂಗ್. ಸಂಸ್ಕೃತ, ಪಾಲಿಗಳನ್ನು ಬಲ್ಲ ಈ ತಾಂಗರು, ಭಾರತದಿಂದ ಹೋದ ಬೌದ್ಧ ಧರ್ಮ ಚೀನದಲ್ಲಿ ಬೇರೂರಿದ ಬಗೆಯನ್ನು ವಿವರಿಸುವ ತಮ್ಮ ಮಹಾಗ್ರಂಥವನ್ನು ಮುಗಿಸಿ, ೧೯೩೮ನೆಯ ವರ್ಷಾರಂಭದ ದಿನ ಅದಕ್ಕೆ ಕೊನೆಯ ಮಾತನ್ನು ಬರೆದದ್ದು ಈ ಬೆಟ್ಟದ ಮೇಲೆಯೇ. ಫೆಂಗರೂ ಜಿನ್ನರೂ ಅಲ್ಲಿ ತಂತಮ್ಮ ಗ್ರಂಥಗಳ ಬರವಣಿಗೆಯಲ್ಲಿ ಮುಳುಗಿದ್ದರು. ಕೋಣೆಗಳು ಕಡಿಮೆ, ಒಂದೊಂದರಲ್ಲಿ ಇಬ್ಬರು. ಎಂಪ್ಸನ್ನರಿಗೆ ಜತೆಯಾದವರು ತರ್ಕಶಾಸ್ತ್ರದ ಜಿನ್ ಯುವೆಲಿನ್ನರು. ಶಬ್ದಕ್ಕೆ ಒಂದೇ ಅರ್ಥವಿರಬೇಕೆನ್ನುವ ಶಾಸ್ತ್ರದ ಪಂಡಿತರೂ, ಶಬ್ದಕ್ಕೆ ಏಳು ಬಗೆಯ ಅರ್ಥವಿದೆಯೆಂದು ಸಾಧಿಸಿದವರೂ ಒಂದೇ ಕೋಣೆಯಲ್ಲಿ ಮಲಗಿ ಎದ್ದರೆಂಬುದು ಸೊಗಸಾದ ಯೋಗಾಯೋಗ.

ಊಟಕ್ಕೆ ಕೊರತೆಯಿದ್ದರೂ ಹೇಗೋ ನಡೆಯುತ್ತಿತ್ತು; ಮಾತಿಗೆ ಕೊರತೆಯೇ ಇರಲಿಲ್ಲ. ಕೊರತೆಯೆಂದರೆ ಪುಸ್ತಕಗಳದು. ಪೀಕಿಂಗ್ ವಿಶ್ವವಿದ್ಯಾನಿಲಯದ ಭಂಡಾರ ಶತ್ರುವಿನ ವಶದಲ್ಲಿತ್ತು. ಅಧ್ಯಾಪಕರು ಪೆಟ್ಟಿಗೆಯಲ್ಲಿ ಹೊತ್ತು ತಂದ ಕೆಲವು ಗ್ರಂಥಗಳನ್ನು ಬಿಟ್ಟರೆ ಬೆಟ್ಟದ ಮೇಲೆ ಓದಲು ಏನೂ ಇರಲಿಲ್ಲ. ಷೇಕ್ಸ್‌ಪಿಯರನ ನಾಟಕಗಳನ್ನೂ ಇಂಗ್ಲಿಷ್ ಕಾವ್ಯವನ್ನೂ ಕಲಿಸುವ ಹೊಣೆ ಎಂಪ್ಸನ್ನರದು. ಮೂಲವಿಲ್ಲದೆ ವ್ಯಾಖ್ಯಾನ ಹೇಗೆ? ಅದರಲ್ಲಿಯೂ ಶಬ್ದ ಶಬ್ದವನ್ನು ಹಿಡಿದು ಜಾಲಾಡುವುದೇ ಇವರ ಬೋಧನೆಯ ಜೀವಾಳ. ಕಥೆಯ ಸಾರಾಂಶ ಹೇಳಿ ಮುಗಿಸುವ ಅಧ್ಯಾಪಕನಾಗಿದ್ದರೆ ಪುಸ್ತಕವಿಲ್ಲದಿದ್ದರೂ ನಡೆದೀತು; ಇವರಿಗೆ ನಡೆಯುವಂತಿರಲಿಲ್ಲ.

ಎಂಪ್ಸನ್ನರು ಟೈಪ್‌ರೈಟರಿನ ಮುಂದೆ ಕುಳಿತರು. ಅವರ ವಿದ್ಯಾರ್ಥಿಗಳು ಅನಂತರ ಬರೆದಿಟ್ಟ ನೆನಪುಗಳ ಪ್ರಕಾರ, ‘ಒಥೆಲೊ’ ನಾಟಕವನ್ನು ನೆನಪಿನಿಂದಲೇ ಬೆರಳಚ್ಚು ಮಾಡಿ ತರಗತಿಗೆ ಹಂಚಿದರು. ಇತರ ಕವನಗಳನ್ನು ಬಾಯಿಂದ ಹೇಳಿ, ಕರಿಹಲಗೆಯ ಮೇಲೆ ಬರೆದರು. ನಾಟಕವಿಡೀ ಒಂದಕ್ಷರವೂ ತಪ್ಪದಂತೆ ಬಂದಿತೆಂದು ಹೇಳುವವರ ಮಾತಿನಲ್ಲಿ ಗುರುಭಕ್ತಿಯ ಪಾಲೂ ಸ್ವಲ್ಪ ಬೆರೆತಿರಬಹುದು. ಇಂತಹ ಕಥೆಗಳು ಹೇಳುತ್ತ ಹೇಳುತ್ತ ಬೆಳೆಯುವುದುಂಟು. ಆದರೆ ಆ ಚಳಿಗಾಲದ ಪಾಠಗಳು ಬಹುಮಟ್ಟಿಗೆ ನೆನಪಿನ ಬಲದಿಂದಲೇ ನಡೆದುವೆಂಬುದರಲ್ಲಿ ಸಂದೇಹವಿಲ್ಲ.

ಇದಕ್ಕಿಂತ ಸ್ವಾರಸ್ಯವಾದುದು ಚೀನೀ ಸಹೋದ್ಯೋಗಿಗಳ ಮನೋಭಾವ. ಆಂಗ್ಲನೊಬ್ಬ ಇಷ್ಟನ್ನು ಬಾಯಿಪಾಠ ಒಪ್ಪಿಸಿದನೆಂದು ಅವರೇನೂ ಬೆರಗಾಗಲಿಲ್ಲ. ಬಾಲ್ಯದಲ್ಲಿಯೇ ಪ್ರಾಚೀನ ಗ್ರಂಥಗಳನ್ನು ಕಂಠಸ್ಥ ಮಾಡಿದ ಪರಂಪರೆ ಅವರದು. ವಿದ್ವಾಂಸನೆಂದ ಮೇಲೆ ಗ್ರಂಥ ನಾಲಗೆಯ ಮೇಲಿರಬೇಕೆಂಬುದು ಅವರ ನಂಬಿಕೆ. ಕುಮಾರವ್ಯಾಸ ಭಾರತವನ್ನು ಸಂಧಿ ಸಂಧಿಯಾಗಿ ಬಾಯಲ್ಲಿಟ್ಟುಕೊಂಡಿದ್ದ ಹಿರಿಯರನ್ನು ಕಂಡಿರುವ ಕನ್ನಡ ವಾಚಕರಿಗೂ ಇದು ಅರ್ಥವಾಗದ ಮಾತಲ್ಲ. ಅಚ್ಚಿನ ಪುಸ್ತಕವನ್ನು ನಂಬಿದ ಯೂರೋಪಿನವರಿಗೆ ಮಾತ್ರ ಇದು ಪವಾಡವಾಗಿ ತೋರಿತು. ಎಂಪ್ಸನ್ನರೇ ಮುಂದೆ ಈ ಸಂಗತಿಯನ್ನು ನೆನೆದು ತಮ್ಮ ಹೆಚ್ಚುಗಾರಿಕೆಯನ್ನು ತೇಲಿಸಿಬಿಟ್ಟರು.

ಕರಿಹಲಗೆಯ ಮುಂದೆ

ಎಂಪ್ಸನ್ನರು ಒಳ್ಳೆಯ ಉಪನ್ಯಾಸಕರಾಗಿದ್ದರೆ? ಸಾಮಾನ್ಯ ಅರ್ಥದಲ್ಲಿ ಇಲ್ಲವೆಂದೇ ಹೇಳಬೇಕು. ಅವರ ಮಾತು ವೇಗ, ಉಚ್ಚಾರಣೆ ಬಾಯೊಳಗೇ. ಎದುರಿಗೆ ಕುಳಿತವರು ಇಂಗ್ಲಿಷನ್ನು ಓದಿ ಬಲ್ಲವರೇ ಹೊರತು ಆಂಗ್ಲರ ಬಾಯಿಂದ ಕೇಳಿ ಬಲ್ಲವರಲ್ಲ. ಅಧ್ಯಾಪಕರಿಗೋ ಚೀನೀ ಭಾಷೆ ಒಲಿಯಲಿಲ್ಲ. ತಾವಾಡಿದುದು ವಿದ್ಯಾರ್ಥಿಗಳಿಗೆ ತಿಳಿಯಲಿಲ್ಲವೆಂದು ಮುಖ ನೋಡಿ ಗೊತ್ತಾದೊಡನೆ ಅವರು ಕರಿಹಲಗೆಯತ್ತ ತಿರುಗಿ ಸರಸರನೆ ಬರೆಯತೊಡಗುವರು. ಹಲಗೆ ತುಂಬುವುದು, ಒರಸುವರು, ಮತ್ತೆ ತುಂಬುವುದು. ವಿದ್ಯಾರ್ಥಿಗಳು ತಲೆಯೆತ್ತದೆ ಅದನ್ನು ಇಳಿಸಿಕೊಳ್ಳುವರು. ಸಂಕೋಚದ ಸ್ವಭಾವದ ಅಧ್ಯಾಪಕನಿಗೂ ಈ ಕರಿಹಲಗೆ ಒಂದು ಮರೆಯಾಗಿತ್ತೆಂದು ತೋರುತ್ತದೆ.

ಮದ್ಯಪಾನದಲ್ಲಿ ಅವರಿಗಿದ್ದ ಆಸಕ್ತಿಯೂ ಗುಟ್ಟಾಗಿರಲಿಲ್ಲ. ಒಂದು ರಾತ್ರಿ ಚೆನ್ನಾಗಿ ಕುಡಿದು ಮಲಗುವ ಮುನ್ನ ಕನ್ನಡಕವನ್ನು ತೆಗೆದು ಜೋಪಾನವಾಗಿ ಬೂಟಿನೊಳಗೆ ಇಟ್ಟರಂತೆ. ಬೆಳಗಾಗೆದ್ದು ಬೂಟಿಗೆ ಕಾಲು ತೂರಿಸಿದಾಗ ಒಂದು ಗಾಜು ಪುಡಿಯಾಯಿತಂತೆ. ಆಮೇಲೆ ಒಂಟಿ ಗಾಜಿನ ಕನ್ನಡಕ ಧರಿಸಿಯೇ ಓಡಾಡಿದರಂತೆ. ವಿದ್ಯಾರ್ಥಿಗಳು ನಕ್ಕು ಹೇಳಿಕೊಳ್ಳುತ್ತಿದ್ದ ಇಂತಹ ಕಥೆಗಳಲ್ಲಿ ತಿರಸ್ಕಾರದ ಸುಳಿವಿಲ್ಲ. ದೇಶವೇ ಹೊತ್ತಿ ಉರಿಯುತ್ತಿರುವಾಗ ಸುಖವಾಗಿ ತನ್ನೂರಿಗೆ ಹೊರಟುಹೋಗಬಹುದಾಗಿದ್ದ ಪರದೇಶದವನು ತಮ್ಮೊಡನೆ ಬೆಟ್ಟ ಹತ್ತಿ ಬಂದನೆಂಬುದನ್ನು ಅವರು ಮರೆತಿರಲಿಲ್ಲ.

ಆದರೂ ಒಂದು ಪ್ರಶ್ನೆ ಏಳದೆ ಇರಲಿಲ್ಲ. ಡಿಸೆಂಬರ್ ೧೩ರಂದು ರಾಜಧಾನಿ ನಾನ್‌ಕಿಂಗ್ ಶತ್ರುವಶವಾಯಿತು. ಅದಕ್ಕೆ ಮೊದಲೇ, ನವೆಂಬರ್ ೨೪ರಂದು, ಚಾಂಗ್‌ಷಾದ ಮೇಲೆ ಬಾಂಬು ಬಿದ್ದಿತ್ತು. ಇಂತಹ ಹೊತ್ತಿನಲ್ಲಿ ಇಪ್ಪತ್ತು ವರ್ಷದ ಯುವಕನೊಬ್ಬ ಬೆಟ್ಟದ ಮೇಲೆ ಕುಳಿತು ಇಯಾಗೋವಿನ ಕುತಂತ್ರವನ್ನು ವಿಶ್ಲೇಷಿಸುವುದು ಉಚಿತವೆ? ಬಂದೂಕು ಹಿಡಿಯುವುದು ಬೇಡವೆ? ವಿಶ್ವವಿದ್ಯಾನಿಲಯದ ಒಳಗೂ ಹೊರಗೂ ಈ ವಾದ ಬಿಸಿಯಾಗಿ ನಡೆಯಿತು. ಪಾಠಪಟ್ಟಿಯನ್ನೆಲ್ಲ ಬದಿಗಿರಿಸಿ ಯುದ್ಧಕ್ಕೆ ಬೇಕಾದುದನ್ನಷ್ಟೇ ಕಲಿಸಬೇಕೆಂದು ಕೆಲವರು ಹೇಳಿದರು. ಅನೇಕ ವಿದ್ಯಾರ್ಥಿಗಳು ಪುಸ್ತಕ ಮುಚ್ಚಿಟ್ಟು ಸೈನ್ಯಕ್ಕೆ ಸೇರಿದರು. ಕೆಲವರು ಕಮ್ಯೂನಿಸ್ಟರ ನೆಲೆಯಾದ ಯೆನಾನಿಗೆ ಹೋದರು. ಅವರನ್ನು ಯಾರೂ ತಡೆಯಲಿಲ್ಲ. ಉಳಿದವರಿಗೆ ಎಂದಿನ ಪಾಠಗಳನ್ನೇ ನಡೆಸುವುದೆಂದು ವಿಶ್ವವಿದ್ಯಾನಿಲಯದ ಹಿರಿಯರು ನಿರ್ಧರಿಸಿದರು. ಯುದ್ಧ ಮುಗಿದ ಮೇಲೆ ದೇಶ ಕಟ್ಟುವವರು ಬೇಕು, ಅವರನ್ನು ಈಗಲೇ ತಯಾರಿಸಬೇಕು ಎಂಬುದು ಅವರ ವಾದ. ಸರಿಯೋ ತಪ್ಪೋ, ಆ ನಿರ್ಧಾರಕ್ಕೆ ಎದೆಗಾರಿಕೆ ಬೇಕಾಗಿತ್ತು. ಎಂಪ್ಸನ್ನರು ಆ ದಿನಗಳನ್ನು ಕುರಿತು ಬರೆದ ‘ಆಟಮ್ ಆನ್ ನಾನ್‌ಯುವೆ’ ಎಂಬುದು ಅವರ ಕವನಗಳಲ್ಲೆಲ್ಲ ದೀರ್ಘವಾದುದು. ಓಡಿಹೋಗುವುದು, ಹಾರಿಹೋಗುವುದು ಎಂಬ ಎರಡರ್ಥಗಳ ನಡುವೆ ಜೀಕುತ್ತ, ಯುದ್ಧದ ನಡುವೆ ಇಂತಹ ಕಡೆಯಲ್ಲಿ ಕುಳಿತು ತಾನೇನು ಮಾಡುತ್ತಿದ್ದೇನೆಂಬ ಅಳುಕನ್ನೂ ಅದು ಮುಚ್ಚಿಡುವುದಿಲ್ಲ.

ಸಾವಿರ ಮೈಲಿಯ ನಡಿಗೆ

ಬೆಟ್ಟದ ವಾಸ ಒಂದೇ ಅವಧಿಗೆ ಮುಗಿಯಿತು. ಶತ್ರು ಹತ್ತಿರವಾಗುತ್ತಿದ್ದುದರಿಂದ ವಿಶ್ವವಿದ್ಯಾನಿಲಯವನ್ನು ಇನ್ನೂ ದೂರಕ್ಕೆ, ಬರ್ಮಾ ಮತ್ತು ಇಂಡೋಚೈನಾಗಳ ಗಡಿಗೆ ತಾಗಿದ ಯುನ್ನಾನ್ ಪ್ರಾಂತದ ಕುನ್ಮಿಂಗಿಗೆ ಸಾಗಿಸಲು ಗೊತ್ತಾಯಿತು. ಹೆಂಗಸರೂ ಅಧ್ಯಾಪಕರಲ್ಲಿ ಹೆಚ್ಚಿನವರೂ ಹಾಂಗ್‌ಕಾಂಗಿಗೆ ಹೋಗಿ, ಹಡಗಿನಲ್ಲಿ ಇಂಡೋಚೈನಾದ ಹೈಫಾಂಗ್ ಸೇರಿ, ಅಲ್ಲಿಂದ ಫ್ರೆಂಚರು ಕಟ್ಟಿದ್ದ ಬೆಟ್ಟದ ರೈಲಿನಲ್ಲಿ ಏರಿ ಬಂದರು. ಮುನ್ನೂರರಷ್ಟು ವಿದ್ಯಾರ್ಥಿಗಳೂ ಹನ್ನೊಂದು ಮಂದಿ ಅಧ್ಯಾಪಕರೂ ನಡೆದೇ ಹೊರಟರು. ೧೯೩೮ರ ಫೆಬ್ರವರಿ ೨೦ರಂದು ಚಾಂಗ್‌ಷಾ ಬಿಟ್ಟವರು ಏಪ್ರಿಲ್ ೨೮ರಂದು ಕುನ್ಮಿಂಗ್ ಮುಟ್ಟಿದರು. ಅರವತ್ತೆಂಟು ದಿನ, ಹಾದಿ ಸುಮಾರು ಒಂದು ಸಾವಿರ ಮೈಲಿ. ಕವಿ ವೆನ್ ಯಿದುವೊ ಅವರಿಗೆ ಆಗ ನಲವತ್ತರ ಹತ್ತಿರ, ಅವರೂ ನಡೆದರು. ಗೆಲುವಾಗುವ ತನಕ ಗಡ್ಡ ತೆಗೆಯುವುದಿಲ್ಲವೆಂದು ಶಪಥ ಮಾಡಿ ಕುನ್ಮಿಂಗ್ ಸೇರುವಾಗ ಋಷಿಯಂತಾಗಿದ್ದರು.

ನಡೆದವರಲ್ಲಿ ಇಂಗ್ಲಿಷ್ ವಿದ್ಯಾರ್ಥಿ ಜಾ ಲಿಯಾಂಗ್‌ಜೆಂಗ್ ಎಂಬ ತರುಣನಿದ್ದ. ಎಂಪ್ಸನ್ನರ ತರಗತಿಯಲ್ಲಿ ಕುಳಿತವನು. ‘ಮು ದಾನ್’ ಎಂಬ ಕಾವ್ಯನಾಮದಿಂದ ಆಗಲೇ ಪದ್ಯ ಬರೆಯುತ್ತಿದ್ದವನು. ಆತನ ಬಳಿ ಚಿಕ್ಕದೊಂದು ಇಂಗ್ಲಿಷ್ ನಿಘಂಟು. ದಿನವೂ ನಡೆಯುತ್ತ ನಡೆಯುತ್ತ ಒಂದೆರಡು ಪುಟಗಳನ್ನು ಬಾಯಿಪಾಠ ಮಾಡುವನು. ಆದೊಡನೆ ಆ ಹಾಳೆಯನ್ನು ಹರಿದು ಎಸೆಯುವನು. ಕುನ್ಮಿಂಗ್ ಬರುವ ವೇಳೆಗೆ ನಿಘಂಟು ಮುಗಿದುಹೋಗಿತ್ತೆಂದು ಸಹಪಾಠಿಗಳು ಹೇಳುತ್ತಿದ್ದರು. ನಮ್ಮಲ್ಲಿ ಅಮರಕೋಶ ಕಲಿತವರೂ ಹಾಳೆ ಹರಿಯುವ ಧೈರ್ಯ ಮಾಡಿದ್ದಿಲ್ಲ. ಬೆಟ್ಟದ ಮೇಲೆ ಅಧ್ಯಾಪಕ ಮಾಡಿದುದನ್ನೇ ಶಿಷ್ಯ ತನ್ನ ರೀತಿಯಲ್ಲಿ ಮುಂದುವರಿಸಿದ್ದ.

ಕುನ್ಮಿಂಗಿನಲ್ಲಿಯೂ ಸ್ಥಳ ಸಾಲದೆ, ಸಾಹಿತ್ಯ ಮತ್ತು ನ್ಯಾಯಶಾಸ್ತ್ರದ ವಿಭಾಗಗಳು ಇನ್ನೂ ದಕ್ಷಿಣದ ಮೆಂಗ್‌ಜಿ ಎಂಬ ಸಣ್ಣ ಊರಿಗೆ ಹೋಗಬೇಕಾಯಿತು. ಒಂದು ಕಾಲಕ್ಕೆ ಫ್ರೆಂಚರ ವ್ಯಾಪಾರದಿಂದ ಮೆರೆದ ಊರು ಅದು. ರೈಲುಹಾದಿ ಅದನ್ನು ಬಿಟ್ಟು ಬೇರೆಡೆ ಹಾದುಹೋದ ಮೇಲೆ ಸೊರಗಿತ್ತು. ಹಳೆಯ ಸುಂಕದ ಕಟ್ಟೆ, ಕಾಲೋಸ್ ಎಂಬ ಗ್ರೀಕ್ ವರ್ತಕನ ಮಳಿಗೆ, ಇವುಗಳಲ್ಲಿ ವಿಶ್ವವಿದ್ಯಾನಿಲಯ ಬೀಡುಬಿಟ್ಟಿತು. ವೆನ್ ಯಿದುವೊ ಅವರು ಮಳಿಗೆಯ ಮಹಡಿಯ ಕೋಣೆಯಲ್ಲಿ ಗ್ರಂಥಗಳ ನಡುವೆ ಹೂತುಹೋಗಿ, ಊಟ ಮತ್ತು ಪಾಠಕ್ಕಲ್ಲದೆ ಕೆಳಗಿಳಿಯುತ್ತಲೇ ಇರಲಿಲ್ಲವಾಗಿ, ‘ಒಮ್ಮೆಯಾದರೂ ಇಳಿದು ಬನ್ನಿ ಮಹಡಿಯ ಯಜಮಾನರು’ ಎಂದು ಗೆಳೆಯರು ಅವರಿಗೆ ಹೆಸರಿಟ್ಟರು. ಬೇಸಗೆ ಕಳೆದು ಶರತ್ಕಾಲ ಬರುವಷ್ಟರಲ್ಲಿ ವಿಮಾನದಳದವರಿಗೆ ಆ ಸ್ಥಳವೂ ಬೇಕಾಯಿತು. ಮತ್ತೆ ಗಂಟುಮೂಟೆ, ಮತ್ತೆ ಕುನ್ಮಿಂಗ್.

ಇಷ್ಟು ಹೊತ್ತಿಗೆ ಮೂರು ವಿಶ್ವವಿದ್ಯಾನಿಲಯಗಳ ಕೂಟಕ್ಕೆ ‘ನೈಋತ್ಯ ಸಂಯುಕ್ತ ವಿಶ್ವವಿದ್ಯಾನಿಲಯ’ ಎಂಬ ಹೆಸರು ನಿಂತಿತ್ತು. ಚೀನೀಯರು ಚಿಕ್ಕದಾಗಿ ‘ಲಿಯಾನ್‌ದಾ’ ಎನ್ನುತ್ತಾರೆ. ಅದಕ್ಕಾಗಿ ಕಟ್ಟಿದ ಹೊಸ ಮನೆಗಳಿಗೆ ಮಣ್ಣಿನ ಗೋಡೆ, ತರಗತಿಗಳಿಗೆ ತಗಡಿನ ಸೂರು, ವಿದ್ಯಾರ್ಥಿಗಳು ಮಲಗುವ ಕಡೆ ಹುಲ್ಲಿನ ಸೂರು. ಮಳೆ ಬಂದರೆ ತಗಡಿನ ಸದ್ದಿಗೆ ಪಾಠ ಕೇಳಿಸದು. ಅರ್ಥಶಾಸ್ತ್ರದ ಪ್ರಾಧ್ಯಾಪಕ ಚೆನ್ ದೈಸುನ್ನರು ಒಮ್ಮೆ ಮಾತು ನಿಲ್ಲಿಸಿ, ಸುಮ್ಮನೆ ಕುಳಿತು ಮಳೆಯನ್ನು ಕೇಳೋಣವೆಂದು ಹಲಗೆಯ ಮೇಲೆ ಬರೆದರೆಂಬ ಕಥೆ ಇಂದಿಗೂ ಪ್ರಚಾರದಲ್ಲಿದೆ. ೧೯೩೮ರ ಸೆಪ್ಟೆಂಬರ್ ೨೮ರಂದು ಕುನ್ಮಿಂಗಿನ ಮೇಲೆಯೂ ಮೊದಲ ಬಾಂಬುಗಳು ಬಿದ್ದವು.

ಎಂಪ್ಸನ್ನರು ಇಲ್ಲಿ ಆಧುನಿಕ ಇಂಗ್ಲಿಷ್ ಕಾವ್ಯವನ್ನು ಕಲಿಸಿದರು. ಹಾಪ್‌ಕಿನ್ಸ್, ಯೇಟ್ಸ್, ಎಲಿಯಟ್, ಆಡೆನ್. ಆ ಕಾಲಕ್ಕೆ ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳಲ್ಲಿಯೇ ಇವರಲ್ಲಿ ಕೆಲವರಿಗೆ ಪಾಠಪಟ್ಟಿಯ ಬಾಗಿಲು ತೆರೆದಿರಲಿಲ್ಲ. ಎಲಿಯಟ್ಟರೂ ಆಡೆನ್ನರೂ ಬದುಕಿ ಬರೆಯುತ್ತಿದ್ದ ಕವಿಗಳು, ಹೇಳುತ್ತಿದ್ದವರೂ ಕವಿಯೇ. ಹರೆಯದ ಕವಿಗಳ ಗುಂಪಿಗೆ ಇದು ಹೊಸ ಲೋಕವನ್ನು ತೆರೆಯಿತು. ಹೂವು, ಚಂದ್ರ, ವಿರಹಗಳ ಕಾವ್ಯಭಾಷೆಯಲ್ಲಿ ಬಾಂಬು ಬೀಳುವ ಊರನ್ನು ಹೇಗೆ ಹೇಳುವುದೆಂಬ ತೊಳಲಾಟದಲ್ಲಿದ್ದವರಿಗೆ, ನಗರವನ್ನೂ ಯಂತ್ರವನ್ನೂ ಯುದ್ಧವನ್ನೂ ಕವಿತೆಗೆ ತರಬಹುದೆಂದು ಕಾಣಿಸಿತು. ಆ ಗುಂಪಿನ ವಾಂಗ್ ಜುವೊಲಿಯಾಂಗ್ ಎಂಬ ವಿದ್ಯಾರ್ಥಿ, ಮು ದಾನನ ಕಾವ್ಯವನ್ನು ಕುರಿತು ೧೯೪೬ರಲ್ಲಿಯೇ ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟಿಸಿದರು.

ಆಮೇಲೆ

೧೯೩೯ರಲ್ಲಿ ಯೂರೋಪಿನಲ್ಲಿಯೂ ಯುದ್ಧ ಹತ್ತಿಕೊಂಡಿತು. ಎಂಪ್ಸನ್ನರು ಅಮೆರಿಕದ ಮೂಲಕ ಸ್ವದೇಶಕ್ಕೆ ಮರಳಿದರು. ೧೯೪೧ರಲ್ಲಿ ಬಿ.ಬಿ.ಸಿ. ಸೇರಿ ಚೀನಕ್ಕೆ ಪ್ರಸಾರವಾಗುವ ಕಾರ್ಯಕ್ರಮಗಳನ್ನು ನೋಡಿಕೊಂಡರು. ಭಾರತಕ್ಕಾಗಿ ಕಾರ್ಯಕ್ರಮ ಸಿದ್ಧಪಡಿಸುತ್ತಿದ್ದ ಜಾರ್ಜ್ ಆರ್ವೆಲ್ಲರು ಅಲ್ಲಿ ಅವರ ಸಹೋದ್ಯೋಗಿ. ಆರ್ವೆಲ್ಲರು ೧೯೪೨ರಲ್ಲಿ ನಮ್ಮ ದೇಶದ ಶ್ರೋತೃಗಳಿಗಾಗಿ ನಡೆಸಿದ ‘ವಾಯ್ಸ್’ ಎಂಬ ಕಾವ್ಯ ಕಾರ್ಯಕ್ರಮದಲ್ಲಿ ಎಲಿಯಟ್, ಮುಲ್ಕ್‌ರಾಜ್ ಆನಂದ್ ಅವರೊಡನೆ ಎಂಪ್ಸನ್ನರೂ ಪಾಲ್ಗೊಂಡರು.

ಯುದ್ಧ ಮುಗಿದು, ೧೯೪೬ರಲ್ಲಿ ಲಿಯಾನ್‌ದಾ ವಿಸರ್ಜನೆಯಾಗಿ ಮೂರು ವಿಶ್ವವಿದ್ಯಾನಿಲಯಗಳೂ ತಂತಮ್ಮ ಊರಿಗೆ ಮರಳಿದುವು. ಮರುವರ್ಷ ಎಂಪ್ಸನ್ನರು ಹೆಂಡತಿ ಮಕ್ಕಳೊಡನೆ ಮತ್ತೆ ಪೀಕಿಂಗಿಗೆ ಹೋದರು. ಕಮ್ಯೂನಿಸ್ಟ್ ಸೈನ್ಯ ನಗರವನ್ನು ಮುತ್ತಿದಾಗಲೂ, ಆಡಳಿತ ಬದಲಾದ ಮೇಲೆಯೂ ಅಲ್ಲಿಯೇ ಇದ್ದು ೧೯೫೨ರ ವರೆಗೆ ಪಾಠ ಹೇಳಿದರು. ಅಲ್ಲಿ ಕುಳಿತು ಬಹುಭಾಗ ಬರೆದ ‘ದಿ ಸ್ಟ್ರಕ್ಚರ್ ಆಫ್ ಕಾಂಪ್ಲೆಕ್ಸ್ ವರ್ಡ್ಸ್’ ಎಂಬ ಗ್ರಂಥ ೧೯೫೧ರಲ್ಲಿ ಹೊರಬಿತ್ತು. ಅದರಲ್ಲಿ ಒಂದು ಅಧ್ಯಾಯ ‘ಒಥೆಲೊ’ ನಾಟಕದ ‘ಆನೆಸ್ಟ್’ ಎಂಬ ಒಂದೇ ಮಾತನ್ನು ಕುರಿತದ್ದು. ಪ್ರಾಮಾಣಿಕ ಎಂಬರ್ಥದ ಆ ಮಾತು ಅದರ ರೂಪಾಂತರದೊಡನೆ ನಾಟಕದಲ್ಲಿ ಐವತ್ತೆರಡು ಸಲ ಬರುತ್ತದೆಂದು ಎಣಿಸಿ, ಇಯಾಗೋವಿನಂತಹ ದ್ರೋಹಿಗೆ ಅದೇ ವಿಶೇಷಣ ಅಂಟಿಕೊಂಡಾಗ ಎಷ್ಟು ಬಣ್ಣ ತಾಳುತ್ತದೆಂದು ಅವರು ತೋರಿಸಿದ್ದಾರೆ. ನಾನ್‌ಯುವೆ ಬೆಟ್ಟದ ಟೈಪ್‌ರೈಟರಿಗೂ ಈ ಅಧ್ಯಾಯಕ್ಕೂ ನೇರ ನಂಟನ್ನು ಯಾರೂ ಸಾಧಿಸಿಲ್ಲ. ಆದರೂ ಒಂದು ನಾಟಕವನ್ನು ನೆನಪಿನಿಂದ ಬೆರಳಚ್ಚು ಮಾಡಿದವನ ಕೈಗೆ, ಪದೇ ಪದೇ ಬರುವ ಮಾತು ಯಾವುದೆಂದು ಗೊತ್ತಾಗದೆ ಇದ್ದೀತೆ?

ಪರರ ಕಾವ್ಯವನ್ನು ಇಷ್ಟು ಭದ್ರವಾಗಿ ಇಟ್ಟುಕೊಂಡಿದ್ದವರ ಸ್ವಂತ ಪುಸ್ತಕವೊಂದು ಕಳೆದುಹೋದುದು ವಿಧಿಯ ವಿನೋದ. ಪೂರ್ವದೇಶಗಳಲ್ಲಿದ್ದ ದಿನಗಳಲ್ಲಿ ಎಂಪ್ಸನ್ನರು ಬುದ್ಧಮೂರ್ತಿಗಳ ಮುಖಭಾವವನ್ನು ಹುಚ್ಚು ಹತ್ತಿದಂತೆ ಅಭ್ಯಾಸ ಮಾಡಿ ಒಂದು ಗ್ರಂಥ ಬರೆದಿದ್ದರು. ಲಂಡನ್ನಿನಲ್ಲಿ ಅದರ ಹಸ್ತಪ್ರತಿಯನ್ನು ಗೆಳೆಯನ ಕೈಗಿತ್ತರು. ಅಮಲಿನಲ್ಲಿದ್ದ ಗೆಳೆಯ ಅದನ್ನು ಟ್ಯಾಕ್ಸಿಯಲ್ಲಿ ಬಿಟ್ಟೆನೆಂದು ಹೇಳಿದ; ಎಂಪ್ಸನ್ನರು ಕೊನೆಯ ತನಕ ಹಾಗೆಯೇ ನಂಬಿದ್ದರು. ವಾಸ್ತವವಾಗಿ ಅದು ಕೈಯಿಂದ ಕೈಗೆ ದಾಟಿ, ಒಬ್ಬ ಸಂಪಾದಕನ ಕಾಗದಪತ್ರಗಳ ನಡುವೆ ಉಳಿದು, ಬ್ರಿಟಿಷ್ ಲೈಬ್ರರಿಯಲ್ಲಿ ಪತ್ತೆಯಾಗಿ, ೨೦೧೬ರಲ್ಲಿ ‘ದಿ ಫೇಸ್ ಆಫ್ ದಿ ಬುದ್ಧ’ ಎಂಬ ಹೆಸರಿನಿಂದ ಅಚ್ಚಾಯಿತು.

೧೯೫೩ರಲ್ಲಿ ಷೆಫೀಲ್ಡ್ ವಿಶ್ವವಿದ್ಯಾನಿಲಯ ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಯಿತು. ಅಲ್ಲಿನ ಮೊದಲ ಭಾಷಣಕ್ಕೆ ಅವರು ಆರಿಸಿಕೊಂಡ ವಿಷಯ, ದೂರಪ್ರಾಚ್ಯದಲ್ಲಿ ಮತ್ತು ಇಂಗ್ಲೆಂಡಿನಲ್ಲಿ ಇಂಗ್ಲಿಷ್ ಬೋಧನೆ. ೧೯೭೧ರಲ್ಲಿ ನಿವೃತ್ತರಾದರು, ೧೯೭೯ರಲ್ಲಿ ‘ಸರ್’ ಪದವಿ ಬಂದಿತು, ೧೯೮೪ರ ಏಪ್ರಿಲಿನಲ್ಲಿ ತೀರಿಕೊಂಡರು.

ಶಿಷ್ಯರ ಪಾಡೇನಾಯಿತು? ಲಿಯಾನ್‌ದಾ ಎಂದೊಡನೆ ಜಗತ್ತು ನೆನೆಯುವುದು ಅಲ್ಲಿ ಓದಿ ೧೯೫೭ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಯಾಂಗ್ ಮತ್ತು ಲೀ ಅವರನ್ನು. ಇಂಗ್ಲಿಷ್ ತರಗತಿಯ ಫಸಲು ಅಷ್ಟು ಬೆಳಕಿಗೆ ಬೀಳಲಿಲ್ಲ. ವಾಂಗ್ ಜುವೊಲಿಯಾಂಗ್, ಲಿ ಫುನಿಂಗ್, ಯಾಂಗ್ ಜೌಹಾನ್ ಮೊದಲಾದವರು ಪೀಕಿಂಗಿನಲ್ಲಿ ಇಂಗ್ಲಿಷ್ ವಿದ್ವತ್ತಿನ ಸ್ತಂಭಗಳಾದರು. ಅವರಲ್ಲೊಬ್ಬರಾದ ಶು ಗುವೊಜಾಂಗ್ ಅವರು ರಚಿಸಿದ ಇಂಗ್ಲಿಷ್ ಪಠ್ಯಮಾಲೆ ೧೯೬೦ರ ದಶಕದಿಂದ ಮುಂದೆ ಲಕ್ಷಾಂತರ ಚೀನೀಯರಿಗೆ ಆ ಭಾಷೆಯನ್ನು ಕಲಿಸಿತು. ಪುಸ್ತಕದ ಹೆಸರು ಮರೆತು ಕರ್ತೃವಿನ ಹೆಸರಿನಿಂದಲೇ ಅದನ್ನು ಕರೆಯುವಷ್ಟು ಮನೆಮಾತಾಯಿತು. ಗಡ್ಡದ ಕವಿ ವೆನ್ ಯಿದುವೊ ಅವರು ಗೆಲುವನ್ನು ಕಂಡು ಗಡ್ಡ ತೆಗೆದರು; ಆದರೆ ಸರ್ಕಾರವನ್ನು ನಿರ್ಭಯವಾಗಿ ಟೀಕಿಸಿದುದಕ್ಕಾಗಿ ೧೯೪೬ರ ಜುಲೈ ೧೫ರಂದು ಕುನ್ಮಿಂಗಿನ ಬೀದಿಯಲ್ಲಿ ಗುಂಡಿಗೆ ಬಲಿಯಾದರು.

ನಿಘಂಟಿನ ಹಾಳೆ ಹರಿಯುತ್ತ ನಡೆದ ಮು ದಾನ್ ೧೯೪೨ರಲ್ಲಿ ದುಭಾಷಿಯಾಗಿ ಚೀನೀ ಸೈನ್ಯದೊಡನೆ ಬರ್ಮಾಕ್ಕೆ ಹೋದ. ಸೋತು ಹಿಂದೆಗೆಯುವಾಗ ಮಳೆಗಾಲದ ಕಾಡಿನಲ್ಲಿ ಹಸಿವು, ಜ್ವರಗಳಿಂದ ಜತೆಯವರು ಸಾಲುಸಾಲಾಗಿ ಸತ್ತರು. ಬದುಕಿ ಉಳಿದು ಭಾರತವನ್ನು ಸೇರಿದವರಲ್ಲಿ ಆತನೂ ಒಬ್ಬ. ಕೆಲವು ತಿಂಗಳು ನಮ್ಮ ನೆಲದಲ್ಲಿಯೇ ಸುಧಾರಿಸಿಕೊಂಡ. ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಓದಿ, ೧೯೫೩ರಲ್ಲಿ ತಾನಾಗಿಯೇ ಚೀನಕ್ಕೆ ಮರಳಿ ನಾನ್‌ಕಾಯ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾದ. ೧೯೫೮ರಲ್ಲಿ, ಹಿಂದೆ ಆ ಸೈನ್ಯದಲ್ಲಿ ದುಡಿದುದೇ ಅಪರಾಧವಾಗಿ, ಕ್ರಾಂತಿವಿರೋಧಿಯೆಂಬ ಹಣೆಪಟ್ಟಿ ಬಿದ್ದಿತು. ಪಾಠ ಹೇಳುವ ಹಕ್ಕು ಹೋಯಿತು. ವಿಶ್ವವಿದ್ಯಾನಿಲಯದ ಪುಸ್ತಕ ಭಂಡಾರದಲ್ಲಿ ಕಾವಲಿನ ಕೆಳಗೆ ಕಸ ಗುಡಿಸುವ ಕೆಲಸ ಬಂತು.

ಹಗಲು ಕಸ ಗುಡಿಸಿ ರಾತ್ರಿ ಆತ ಬೈರನ್ನನ ‘ಡಾನ್ ಜುವಾನ್’ ಮಹಾಕಾವ್ಯವನ್ನು ಚೀನೀ ಭಾಷೆಗೆ ತಂದ. ಅದು ಮುಗಿದ ಮೇಲೆ, ಹಳೆಯ ಸಹಪಾಠಿಯೊಬ್ಬರು ಕೊಟ್ಟ ಕವನ ಸಂಕಲನವನ್ನು ಮುಂದಿಟ್ಟುಕೊಂಡು, ಬಹುಕಾಲ ಹೆಸರೆತ್ತಲೂ ಆಗದಿದ್ದ ಯೇಟ್ಸ್, ಎಲಿಯಟ್, ಆಡೆನ್ನರ ಪದ್ಯಗಳಿಗೆ ಕೈಹಾಕಿದ. ಅಚ್ಚಾಗುತ್ತದೆಂಬ ಭರವಸೆ ಯಾವುದಕ್ಕೂ ಇರಲಿಲ್ಲ. ೧೯೭೭ರ ಫೆಬ್ರವರಿಯಲ್ಲಿ ಆತ ಸತ್ತ. ಎರಡು ವರ್ಷದ ಮೇಲೆ ಹಣೆಪಟ್ಟಿಯನ್ನು ಅಳಿಸಿದರು. ೧೯೮೦ರಲ್ಲಿ ‘ಡಾನ್ ಜುವಾನ್’ ಹೊರಬಂತು. ಆಧುನಿಕ ಇಂಗ್ಲಿಷ್ ಕವಿಗಳ ಸಂಕಲನ ೧೯೮೫ರಲ್ಲಿ, ಎಂಪ್ಸನ್ನರು ತೀರಿಕೊಂಡ ಮರುವರ್ಷ, ಪ್ರಕಟವಾಯಿತು. ಅಚ್ಚುಹಾಕಿಸಿದ್ದು ನಾನ್‌ಯುವೆ ಬೆಟ್ಟವಿರುವ ಹೂನಾನ್ ಪ್ರಾಂತದ ಪ್ರಕಾಶನ ಸಂಸ್ಥೆ.